ಗುಡ್ಡ ಕಾಣ್ತದೇನ್ರಿ?

ಗಂಗಾವತಿಯಲ್ಲಿ ಮನೆ ಇದ್ದವರಿಗೆ ಸಾಲು ರಜೆ ಬಂತೆಂದರೆ ಫೋನು ಬರುವುದು ಖಾತ್ರಿ. ವರ್ಷಗಟ್ಟಲೆ ನೆನಪಾಗದ ಮಾಮಾ, ಬೆಂಗಳೂರಿನ ಅಳಿಯಂದಿರಿಗೆ ಆಗ ತಟ್ಟನೆ ನೆನಪಾಗುತ್ತಾನೆ. "ಮಾಮಾ, ಸಾಣಾಪುರದ ಕಡೆ ಒಂದು ಹೋಂಸ್ಟೇ ನೋಡ್ರಿ. ಗುಡ್ಡ ಕಾಣ್ಬೇಕು, ಗದ್ದಿ ಕಾಣ್ಬೇಕು, ವೈಫೈ ಇರ್ಬೇಕು." "ನಮ್ಮನ್ಯಾಗ ಇರಪಾ" ಅಂದರೆ, "ಛೇ, ನಿಮಗ್ಯಾಕ ತ್ರಾಸು" ಅನ್ನುತ್ತಾರೆ. ನಮ್ಮ ಮಾಳಿಗೆಯಿಂದ ಕಾಣುವುದು ಅಕ್ಕಿ ಗಿರಣಿ. ತ್ರಾಸು ಯಾರಿಗೆ ಅಂತ ನನಗೆ ತಿಳಿಯುವುದಿಲ್ಲವೇ?

ಇಷ್ಟೆಲ್ಲ ಕೇಳುವವರು ಆ ಮನೆಗೆ ಪರವಾನಗಿ ಇದೆಯೋ ಇಲ್ಲವೋ ಅಂತ ಮಾತ್ರ ಕೇಳುವುದಿಲ್ಲ. ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುವಿ ತಿರುವಿ ನೋಡುವ ಜನ, ರಾತ್ರಿ ಮಲಗುವ ಸೂರನ್ನು ಫೋಟೊ ನೋಡಿ ಒಪ್ಪಿಬಿಡುತ್ತಾರೆ.

"ಕಾಗದ ತಗೊಂಡು ನಾವೇನ್ ಮಾಡೋಣ ಮಾಮಾ?" ಅನ್ನುವವರಿಗೆ ನಾನು ವಿರೂಪಾಪುರ ಗಡ್ಡಿಯ ಕಥೆ ಹೇಳುತ್ತೇನೆ. ಹೊಳೆಯ ಆಚೆ ವಿರೂಪಾಕ್ಷನ ಗೋಪುರ, ಈಚೆ ನಮ್ಮ ತಾಲ್ಲೂಕಿನ ಗಡ್ಡಿ. ವಿದೇಶಿಯರು 'ಹಿಪ್ಪಿ ಐಲ್ಯಾಂಡ್' ಅಂತ ನಾಮಕರಣ ಮಾಡಿದ ಮೇಲೆ ಭತ್ತಕ್ಕಿಂತ ರೆಸಾರ್ಟಿನ ಬೆಳೆಯೇ ಜೋರಾಯಿತು. ಜಮೀನು ನಮ್ಮದು, ಕಟ್ಟಿದ್ದು ನಾವು ಎಂಬ ಧೈರ್ಯ. ಆದರೆ 1988ರ ಸರ್ಕಾರಿ ಅಧಿಸೂಚನೆಯಲ್ಲಿ ಆ ಊರು ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಅದರ ಅನುಮತಿ ಇಲ್ಲದೆ ಅಲ್ಲಿ ಕಟ್ಟುವಂತಿರಲಿಲ್ಲ. 2015ರಲ್ಲಿ ಹೈಕೋರ್ಟ್ ಆ ಕಟ್ಟಡಗಳು ಅಕ್ರಮ ಎಂದದ್ದನ್ನೇ 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲೇ ಜೆಸಿಬಿಗಳು ಬಂದವು. ತಿಂಗಳ ಕೊನೆಗೆ ಲಾಕ್‌ಡೌನ್ ಬಂದು ದೇಶವೆಲ್ಲ ಬಾಗಿಲು ಹಾಕಿತು. ಗಡ್ಡಿಯಲ್ಲಿ ಹಾಕಲಿಕ್ಕೆ ಬಾಗಿಲೇ ಉಳಿದಿರಲಿಲ್ಲ. (ಅಲ್ಲಿ ಪಾತ್ರೆ ತೊಳೆದು, ಆಟೋ ಓಡಿಸಿ ಹೊಟ್ಟೆ ಹೊರೆದವರ ಪಾಡು ನೆನೆದರೆ ನಗು ಬರುವುದಿಲ್ಲ ಬಿಡಿ.)

ಆಮೇಲೆ ವ್ಯಾಪಾರ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಕಡೆ ಸರಿಯಿತು. ಅಲ್ಲಿ ಚೊಕ್ಕ ಕಾಗದ ಇಟ್ಟುಕೊಂಡವರೂ ಇದ್ದಾರೆ, ಬೋರ್ಡು ಮಾತ್ರ ಇಟ್ಟುಕೊಂಡವರೂ ಇದ್ದಾರೆ. 'ಹೋಂಸ್ಟೇ' ಅಂತ ಬರೆದಿರುತ್ತದೆ. ಒಳಗೆ ಹೋದರೆ ಸ್ಟೇ ಇದೆ, ಹೋಂ ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಮನೆಯವರು ಅಲ್ಲೇ ವಾಸ ಇರಬೇಕು, ಬಾಡಿಗೆಗೆ 6 ಕೋಣೆ ದಾಟಬಾರದು. ಇಲ್ಲಿ ನೋಡಿದರೆ ಹನ್ನೆರಡು ಗುಡಿಸಲು, ಮಾಲೀಕ ಹೈದರಾಬಾದಿನಲ್ಲಿ, ಕೀಲಿ ಕೊಡುವ ಹುಡುಗನಿಗೆ ಮಾಲೀಕನ ಪೂರ್ತಿ ಹೆಸರೂ ಗೊತ್ತಿಲ್ಲ.

ದೂರದ ಲೆಕ್ಕವೂ ಹಾಗೇ. 'ವಿರೂಪಾಕ್ಷ ಗುಡಿಗೆ 1 ಕಿ.ಮೀ' ಅಂತ ಆ್ಯಪಿನಲ್ಲಿ ಹಾಕಿರುತ್ತಾರೆ. ಅದು ಕಾಗೆಗೆ. ನಡುವೆ ತುಂಗಭದ್ರೆ ಇದ್ದಾಳೆ. ಸಂಜೆಗೆ ದೋಣಿ ನಿಲ್ಲುತ್ತದೆ. ಡ್ಯಾಮಿನಿಂದ ನೀರು ಬಿಟ್ಟರೆ ಹಗಲಲ್ಲೂ ಇಲ್ಲ. ಆಮೇಲೆ ಕಡೆಬಾಗಿಲು ಸೇತುವೆ ಸುತ್ತಿಕೊಂಡೇ ಹೋಗಬೇಕು.

ನನ್ನ ತರ್ಕ ಇಷ್ಟೇ: ಬಂದ ಕೂಡಲೇ ಆಧಾರ್ ಕಾರ್ಡ್ ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ನಿಮಗೆ ಕಿರಿಕಿರಿ ಮಾಡುವವನನ್ನು ನಂಬಿರಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ವಿವರ ಕಳಿಸುವವನೂ ಅವನೇ. "ಕಾರ್ಡ್ ಗೀರ್ಡ್ ಏನ್ ಬ್ಯಾಡ ಸರ, ನಗದು ಕೊಡ್ರಿ ಸಾಕು" ಅನ್ನುವವನ ಪ್ರೀತಿಗೆ ಹೆದರಬೇಕು. ನಾಳೆ ನಿಮ್ಮ ಬ್ಯಾಗು ಕಳೆದರೆ, ನೀವು ಅಲ್ಲಿ ಇದ್ದಿರಿ ಎಂಬುದಕ್ಕೇ ಸಾಕ್ಷಿ ಇರುವುದಿಲ್ಲ. 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆ ದಡದಲ್ಲಿ ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯ ಹರಟೆಯ ವಸ್ತುವಲ್ಲ. ರಾತ್ರಿ ಅತ್ತ ತಿರುಗಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕುಷ್ಟಗಿ, ಯಲಬುರ್ಗಾದ ಕಡೆ ಈ ತಲೆಬಿಸಿಯೇ ಇಲ್ಲ. 1112ರ ಇಟಗಿ ಮಹಾದೇವ ದೇವಾಲಯ ನೋಡಲು ಬಂದವರು ಸಂಜೆ ಕೊಪ್ಪಳದ ಲಾಡ್ಜಿಗೆ ವಾಪಸು. ಲಾಡ್ಜಿನ ಕಿಟಕಿಯಿಂದ ಬಸ್‌ಸ್ಟ್ಯಾಂಡ್ ಕಾಣುತ್ತದೆ, ನಿಜ. ಆದರೆ ಬಿಲ್ಲು ಕೊಡುತ್ತಾರೆ.

ಗುಡ್ಡವೇ ಕಾಣಬೇಕೆಂದರೆ, ಅಡ್ವಾನ್ಸ್ ಹಾಕುವ ಮೊದಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಪ್ರಾಧಿಕಾರದ ಅನುಮತಿ ಎರಡನ್ನೂ ವಾಟ್ಸಾಪಿಗೆ ಕಳಿಸಲು ಹೇಳಿ. "ಮೊದ್ಲ ಬರ್ರಿ ಸರ, ಆಮ್ಯಾಲ ನೋಡೋಣು" ಅಂದರೆ ಹೋಗಬೇಡಿ. ನನಗೂ ಫೋನು ಮಾಡಬೇಡಿ.