ಸುಮ್ಮನೆ ಬಂದವನಿಗೆ ಯಾವ ಸೆಕ್ಷನ್ನು?

ನಮ್ಮ ಕಡೆ ಗಂಡು-ಹೆಣ್ಣಿನ ಮಾತುಕತೆಗೆ ಕೂತಾಗ ತೋಟದ ಎಕರೆ, ಮೆಣಸಿನ ಬಳ್ಳಿ, ಹೊಳೆ ನೀರಿನ ಹಕ್ಕು ಎಲ್ಲ ಹೇಳಿ ಮುಗಿದ ಮೇಲೆ ಹಿರಿಯರು ಕೊನೆಗೊಂದು ತುರುಪು ಇಳಿಸುತ್ತಾರೆ: "ನಮ್ಮ ಮನೇಲಿ ಇವತ್ತಿನವರೆಗೆ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ." ಶಾಲೆಯ ಮೆಟ್ಟಿಲು ಹತ್ತದವನೆಂದರೆ ಅವಮಾನ. ಠಾಣೆಯ ಮೆಟ್ಟಿಲು ಹತ್ತದವನೆಂದರೆ ಖಾನದಾನು. ಎರಡೂ ಕಟ್ಟಿದ್ದು ನಮ್ಮ ದುಡ್ಡಿನಲ್ಲೇ.

ನಾಲ್ಕು ತಲೆಮಾರಿನ ಆ ಮರ್ಯಾದೆಯನ್ನು ಕೈಯಾರೆ ಕಳೆಯಲು ನಾನು ಘಟ್ಟದ ಒಂದು ಠಾಣೆಗೆ ಹೋದೆ. ತೋಟದಲ್ಲಿ ಕಳ್ಳತನವಾಗಿರಲಿಲ್ಲ, ಬೇಲಿ ತಕರಾರಿರಲಿಲ್ಲ, ಪಾಸ್‌ಪೋರ್ಟ್ ವೆರಿಫಿಕೇಷನ್ನೂ ಇರಲಿಲ್ಲ.

"ಏನ್ ಕಂಪ್ಲೇಂಟು?" ಬಾಗಿಲಲ್ಲಿದ್ದ ಸೆಂಟ್ರಿ ಕೇಳಿದರು.

"ಏನಿಲ್ಲ, ಸುಮ್ನೆ ಸ್ಟೇಷನ್ ನೋಡ್ಕೊಂಡು ಹೋಗಾಣ ಅಂತ."

ಅವರು ನನ್ನ ಚೀಲ ನೋಡಿದರು, ಚಪ್ಪಲಿ ನೋಡಿದರು, ಬಾಯಿಯ ವಾಸನೆ ನೋಡಲು ಒಂದು ಹೆಜ್ಜೆ ಹತ್ತಿರವೂ ಬಂದರು. ಆಮೇಲೆ ನಿಜವಾದ ಪ್ರಶ್ನೆ ಬಂತು: "ಯಾರ ಕಡೆಯವ್ರು?"

ಯಾರ ಕಡೆಯವನೂ ಅಲ್ಲ ಅಂದೆ. ಅಲ್ಲಿಗೆ ಅನುಮಾನ ಖಾತ್ರಿಯಾಯಿತು. ಠಾಣೆಗೆ ಬರುವವನು ಫಿರ್ಯಾದಿಯಾಗಿರಬೇಕು, ಆರೋಪಿಯಾಗಿರಬೇಕು, ಇಲ್ಲವೇ ಇಬ್ಬರನ್ನೂ ರಾಜಿ ಮಾಡಿಸುವ ಮುಖಂಡನಾಗಿರಬೇಕು. ಟೀ ಬರುವುದು ಮುಖಂಡನಿಗೆ. ಶಾಲೆಯ ಮಕ್ಕಳಿಗಾದರೆ ‘ತೆರೆದ ಮನೆ’ ಕಾರ್ಯಕ್ರಮವಿದೆ. ಸಾಲಾಗಿ ಬಂದು, ವಾಕಿಟಾಕಿ ನೋಡಿ, ಲಾಕಪ್ಪಿನ ಸರಳು ಮುಟ್ಟಿ ಹೋಗಬಹುದು. ಮೀಸೆ ಬಂದ ಮೇಲೆ ಅದೇ ಕುತೂಹಲ ಅನುಮಾನಾಸ್ಪದ ವರ್ತನೆಯಾಗುತ್ತದೆ.

ಹೊರಗಿನ ಲೋಕದಲ್ಲಿ ಇಂಥ ಹುಚ್ಚಿಗೆ ಮರ್ಯಾದೆಯೂ ಸಿಕ್ಕಿದ್ದುಂಟು. 2006ರಲ್ಲಿ ಆಲ್ಟಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಸಾಮಾನ್ಯ ಜನರನ್ನೇ ಠಾಣೆಗಳಿಗೆ ಕಳಿಸಿ ಅಂಕ ಹಾಕಿಸಿತು. ಕಟ್ಟಡ ಹೇಗಿದೆ, ಬಂದವರನ್ನು ಸಮಾನವಾಗಿ ಕಾಣುತ್ತಾರೆಯೇ, ಬಂಧಿತರನ್ನು ಎಲ್ಲಿ ಇಡುತ್ತಾರೆ ಎಂದೆಲ್ಲ. ನಾನೂ ಬೆಂಚಿನ ತುದಿಯಲ್ಲಿ ಕೂತು ಮನಸ್ಸಿನಲ್ಲೇ ಪೇಪರ್ ತಿದ್ದತೊಡಗಿದೆ.

ಸಮಾನತೆಗೆ ಪೂರ್ತಿ ಅಂಕ. ಕೂಲಿ ಬಾಕಿ ಕೇಳಲು ಬಂದ ಅಸ್ಸಾಮಿನ ಹುಡುಗ, ಗದ್ದೆ ಬದುವಿಗೆ ತಲೆ ಒಡೆದುಕೊಂಡ ಅಣ್ಣತಮ್ಮಂದಿರು, ಗಂಡನ ಮೇಲೆ ದೂರು ತಂದ ಲೈನ್ ಮನೆಯ ಹೆಂಗಸು, ಎಲ್ಲರೂ ಒಂದೇ ಸಮನಾಗಿ ಕಾಯುತ್ತಿದ್ದರು. ಒಬ್ಬ ಸಾಹುಕಾರರ ಜೀಪು ಬಂದು ನಿಂತಿತು. ಅಂಕ ಅರ್ಧಕ್ಕೆ ಇಳಿಯಿತು.

ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಇದರಲ್ಲಿ ಅವರ ತಪ್ಪೇನಿಲ್ಲ, ನಿಜವಾಗಿಯೂ ಹೋಗಿರುತ್ತಾರೆ. ಡಿಸೆಂಬರ್ ಬಂದರೆ ದತ್ತಜಯಂತಿ, ಶನಿವಾರ ಬಂದರೆ ಮುಳ್ಳಯ್ಯನಗಿರಿ ದಾರಿಯ ವಾಹನದ ಸಾಲು, ಮಳೆ ಹಿಡಿದರೆ ಚಾರ್ಮಾಡಿಯಲ್ಲಿ ಬಿದ್ದ ಮರ. ಕಣದಲ್ಲಿ ಒಣಗಿದ ಕಾಫಿಯನ್ನು ಮೂಟೆಗಟ್ಟಿ ಒಯ್ಯುವವರಿಗೆ ಈ ಪಂಚಾಂಗ ಬಾಯಿಪಾಠ.

ಗೋಡೆಯ ತುಂಬ ಬೋರ್ಡುಗಳು. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸುವವರ ಎದೆಯ ಮೇಲೆ ಹೆಸರಿರಬೇಕು, ಬಂಧನದ ಸುದ್ದಿ ಮನೆಯವರಿಗೆ ಮುಟ್ಟಬೇಕು. ಮುಖ್ಯವಾದ ಸಾಲುಗಳು ಬೀರುವಿನ ಹಿಂದೆ ಹೋಗಿದ್ದವು. ಎಫ್‌ಐಆರ್ ಪ್ರತಿ ಉಚಿತ ಎಂದೂ ಒಂದು ಬೋರ್ಡಿತ್ತು. ಅದರ ಕೆಳಗೇ ನಿಂತು ಒಬ್ಬರು ಕೇಳುತ್ತಿದ್ದರು: "ದೂರು ಬರೆಯಾಕೆ ಬಿಳಿ ಹಾಳೆ ತಂದಿದೀಯೇನಮ್ಮ?"

ಕ್ಯಾಮೆರಾವೂ ಇತ್ತು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಬಾಗಿಲು, ಮೊಗಸಾಲೆ, ಲಾಕಪ್ಪು ಎಲ್ಲಕ್ಕೂ ಧ್ವನಿ ಸಮೇತ ಕ್ಯಾಮೆರಾ ಇರಲಿ, ದಾಖಲೆ 18 ತಿಂಗಳು ಉಳಿಯಲಿ ಎಂದಿತು. ಆ ಆದೇಶಕ್ಕೆ ಆರು ತಿಂಗಳು ತುಂಬಿರಲಿಲ್ಲ. 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ, ನೀರು ಕೇಳಿದ ದಲಿತ ಯುವಕನ ಬಾಯಿಗೆ ಮೂತ್ರ ಹಾಕಿಸಿದರು ಎಂಬ ಆರೋಪ ಬಂತು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ಸಿಐಡಿ ಅವರನ್ನು ಬಂಧಿಸಿತು. ಇಲ್ಲಿ ನನ್ನ ವ್ಯಂಗ್ಯಕ್ಕೆ ಕೆಲಸವಿಲ್ಲ, ಮುಂದೆ ಹೋಗುತ್ತೇನೆ.

2023ರ ನವೆಂಬರ್ 30ರಂದು ಚಿಕ್ಕಮಗಳೂರು ನಗರ ಠಾಣೆಯಲ್ಲಿ ಯುವ ವಕೀಲರೊಬ್ಬರ ಮೇಲೆ ಹಲ್ಲೆಯಾಯಿತೆಂಬ ದೂರು. ಶುರುವಾದದ್ದು ಹೆಲ್ಮೆಟ್ಟಿನಿಂದ. ಆರು ಪೊಲೀಸರು ಅಮಾನತಾದರು. ವಕೀಲರು ಕಲಾಪ ಬಿಟ್ಟು ಬೀದಿಗಿಳಿದರು, ಅವರ ಹಿಂದೆಯೇ ಪೊಲೀಸರೂ ಬೀದಿಗಿಳಿದರು. ಕಾನೂನು ಓದಿದವರು, ಕಾನೂನು ಕಾಯುವವರು ಇಬ್ಬರೂ ಒಂದೇ ವಾರದಲ್ಲಿ ಒಂದೇ ಊರಿನಲ್ಲಿ ನ್ಯಾಯ ಬೇಕೆಂದು ಕೂಗಿದರು. ಕೊಡುವವರು ಯಾರೆಂದು ಕೇಳಲು ಊರಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಹೆಲ್ಮೆಟ್ಟಿನ ಬಗ್ಗೆ ನನ್ನ ಸಲಹೆ ಇಷ್ಟೇ: ರಸ್ತೆಯಲ್ಲಿ ಹಾಕಿಕೊಳ್ಳಿ, ಠಾಣೆಯೊಳಗೆ ಬಂದ ಮೇಲೂ ತೆಗೆಯಬೇಡಿ.

ಬೀರುವಿನ ಹಿಂದಿನ ಬೋರ್ಡಿನ ಫೋಟೊ ತೆಗೆಯೋಣವೆಂದು ಫೋನ್ ಎತ್ತಿದೆ. "ಏಯ್, ಇಲ್ಲಿ ಫೋಟೊ ತೆಗೆಯಂಗಿಲ್ಲ!" ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಪೊಲೀಸ್ ಠಾಣೆ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟು 2022ರಲ್ಲೇ ಹೇಳಿದೆ. ಆ ತೀರ್ಪಿಗೆ ನಮ್ಮ ಘಟ್ಟ ಹತ್ತುವ ಬಸ್ಸು ಇನ್ನೂ ಸಿಕ್ಕಿಲ್ಲ. ಫೋನು ಜೇಬಿಗೆ ಹೋಯಿತು.

ಕುರ್ಚಿ ಮಾತ್ರ ಸಿಗಲೇ ಇಲ್ಲ. ಆಗ ಹಿಂದಿನ ಚುನಾವಣೆ ನೆನಪಾಯಿತು. ನೀತಿಸಂಹಿತೆ ಬಂದ ಕೂಡಲೇ ಬೆಳೆಗಾರರೆಲ್ಲ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. (ಕಾಡುಹಂದಿಗೂ ಮಂಗನಿಗೂ ನೀತಿಸಂಹಿತೆ ಅನ್ವಯಿಸುವುದಿಲ್ಲ, ಅವು ಪ್ರಚಾರ ಮುಂದುವರಿಸುತ್ತವೆ.) ಹೆಗಲಿಗೆ ಕೋವಿ ಹಾಕಿಕೊಂಡು ಇದೇ ಮೆಟ್ಟಿಲು ಹತ್ತಿದ ನಮ್ಮ ಪಕ್ಕದ ತೋಟದವರಿಗೆ "ಬನ್ನಿ ಗೌಡ್ರೇ, ಕೂತ್ಕಳಿ" ಎಂದು ಕುರ್ಚಿ ಎಳೆದು, ಕೋವಿಗೆ ರಸೀದಿ ಬರೆದು, ಮಳೆ ಹೇಗೆ, ರೊಬಸ್ಟಾಕ್ಕೆ ರೇಟು ಹೇಗೆ ಎಂದು ವಿಚಾರಿಸಿದ್ದರಂತೆ. ಕೋವಿ ತಂದವನಿಗೆ ಕುರ್ಚಿ, ಬರಿಗೈಲಿ ಬಂದವನಿಗೆ ಬೆಂಚಿನ ತುದಿ.

ಕೋವಿ ಕಾಡಿನದಾದರೆ ಕುರ್ಚಿ ಇನ್ನೂ ದೊಡ್ಡದು. 2025ರ ಜನವರಿ 8ರಂದು ಆರು ಮಂದಿ ನಕ್ಸಲರ ಶರಣಾಗತಿಗೆ ಚಿಕ್ಕಮಗಳೂರಿನಲ್ಲಿ ಏರ್ಪಾಡಾಗಿತ್ತು. ಕೊನೆ ಗಳಿಗೆಯಲ್ಲಿ ಅವರನ್ನು ಬೆಂಗಳೂರಿಗೆ, ಮುಖ್ಯಮಂತ್ರಿಗಳ ಗೃಹ ಕಚೇರಿಗೇ ಕರೆದೊಯ್ದರು. ಗುಲಾಬಿ ಹೂವು, ಸಂವಿಧಾನದ ಪ್ರತಿ ಕೊಟ್ಟು ಬರಮಾಡಿಕೊಂಡರು. ಅವರ ಬಂದೂಕುಗಳು ಸಿಕ್ಕಿದ್ದು ಆಮೇಲೆ, ಕೊಪ್ಪದ ಕಡೆಯ ಕಾಡಿನಲ್ಲಿ. ಕಾಡು ಬಿಟ್ಟು ಬಂದದ್ದು ಒಳ್ಳೆಯದೇ ಆಯಿತು, ನನಗೆ ಹೊಟ್ಟೆಕಿಚ್ಚಿಲ್ಲ. ಕಾಡಿಗೇ ಹೋಗದವನು ಸಂವಿಧಾನದ ಪ್ರತಿಯನ್ನು ಯಾವ ಕೌಂಟರಿನಲ್ಲಿ ಕೇಳಬೇಕು ಎಂಬುದಷ್ಟೇ ಗೊತ್ತಾಗಬೇಕಿತ್ತು.

ಹೊರಡುವಾಗ ರೈಟರ್ ತಡೆದರು. ಬಂದವರ ವಿವರ ಬೇಕಂತೆ. ಹೆಸರು, ಊರು, ಫೋನ್ ನಂಬರು ಬರೆದುಕೊಂಡರು. ಬಂದ ಕಾರಣ ಎಂಬ ಕಡೆಗೆ ಬಂದಾಗ ಕೈ ನಿಂತಿತು. ನನ್ನ ಮುಖವನ್ನೊಮ್ಮೆ, ಖಾಲಿ ಕಾಲಮ್ಮನ್ನೊಮ್ಮೆ ನೋಡಿದರು. ಪಾಪ, ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಕೇಸು ಬಂದಿರಲಿಕ್ಕಿಲ್ಲ. ಕೊನೆಗೆ ಅಭ್ಯಾಸವೇ ಕೈ ಹಿಡಿಯಿತು. ದುಂಡಗಿನ ಅಕ್ಷರದಲ್ಲಿ ಬರೆದರು: ‘ವಿಚಾರಣೆ ಮಾಡಿ, ಸೂಕ್ತ ಎಚ್ಚರಿಕೆ ನೀಡಿ ಕಳುಹಿಸಲಾಗಿದೆ.’

ಸಹಿ ಹಾಕಿದೆ, ನನ್ನದೇ ಪೆನ್ನಿನಲ್ಲಿ.