ಕಪ್ಪು ಫೋನಿನವರ ಕಪ್ಪು

ಅಟ್ಟದಿಂದ ಇಳಿಸಿದ ಕಪ್ಪು ಡಯಲ್ ಫೋನನ್ನು ಹಳೇ ಸಾಮಾನಿನವನ ತಕ್ಕಡಿಗೆ ಹಾಕುವಷ್ಟರಲ್ಲಿ ಕಾಂಪೌಂಡಿನಾಚೆ ಪಕ್ಕದ ಮನೆ ರಾಯರ ತಲೆ ಮೂಡಿತು.

"ತಡೀರಿ, ತಡೀರಿ! ಅದು ಐಟಿಐದಲ್ವೇ?"

ತಿರುಗಿಸಿ ನೋಡಿದೆ. ಹೌದು.

"ಕಪ್ ಗೆದ್ದವರ ಫೋನು ಕಣ್ರೀ! ಕೇಜಿ ಲೆಕ್ಕದಲ್ಲಿ ಮಾರೋದೇ?"

"ಯಾವ ಕಪ್ಪು ರಾಯರೇ, ಕಾಫಿದೇ?" ಎಂದೆ. ತಪ್ಪಾಯಿತು. ರಾಯರು ಎರಡೂ ಮೊಣಕೈ ಗೋಡೆಯ ಮೇಲೆ ಊರಿದರು. ಊರಿದರೆಂದರೆ ಅರ್ಧ ಗಂಟೆ ಕೀಳುವವರಲ್ಲ.

"ಫೆಡರೇಷನ್ ಕಪ್. ಫುಟ್‌ಬಾಲ್. ದೇಶದ ಕ್ಲಬ್ಬುಗಳಿಗೆ ಅಂತ 1977ರಲ್ಲಿ ಶುರುವಾಯ್ತು. ಮೊದಲನೇ ಫೈನಲ್ ಎರ್ನಾಕುಲಂನಲ್ಲಿ. ಒಂದು ಕಡೆ ಕಲ್ಕತ್ತೆಯ ಮೋಹನ್ ಬಾಗಾನ್. ಅದೇ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ಕಾಸ್ಮಾಸ್ ತಂಡದ ಜೊತೆ 2-2 ಡ್ರಾ ಮಾಡಿಕೊಂಡ ಗಟ್ಟಿಗರು ಅವರು. ಇನ್ನೊಂದು ಕಡೆ ನಮ್ಮ ದೂರವಾಣಿನಗರದ ಕಾರ್ಖಾನೆ ತಂಡ, ಐಟಿಐ. ಗೆದ್ದವರು?"

"ನೀವು ಇಷ್ಟು ಹಿಗ್ಗೋದು ನೋಡಿದ್ರೆ ನಮ್ಮವರೇ."

"1-0! ಫೈನಲ್ ಅಂದ್ರೆ ಅಷ್ಟೇ ಕಣ್ರೀ. ಆ ದಿನ ಯಾರದೋ, ಕಪ್ ಅವರದು."

ಬಾಗಾನಿನವರೇನೂ ಅಳುತ್ತ ಕೂರಲಿಲ್ಲವಂತೆ. ಆಮೇಲೆ 14 ಸಲ ಗೆದ್ದರು. ಅದರಲ್ಲಿ 1978 ಮತ್ತು 1980ರದ್ದನ್ನು ಬದ್ಧವೈರಿ ಈಸ್ಟ್ ಬೆಂಗಾಲ್ ಜೊತೆ ಹಂಚಿಕೊಂಡರು. ಕಲ್ಕತ್ತೆಯವರು ಹಂಚಿಕೊಳ್ಳುವುದು ರಸಗುಲ್ಲ ಮಾತ್ರ ಎಂದುಕೊಂಡಿದ್ದೆ. 1990, 91ರಲ್ಲಿ ಕೇರಳ ಪೊಲೀಸರು ಸತತ ಎರಡು ಸಲ ಕಪ್ಪನ್ನೇ ಕಸ್ಟಡಿಗೆ ತೆಗೆದುಕೊಂಡರು.

"ಈಗಲೂ ನಡೀತದೆಯೇ?"

"ಎಲ್ಲಿ? 2017ಕ್ಕೆ ಮುಗೀತು. ಕೊನೇ ಫೈನಲ್ ಕಟಕ್‌ನಲ್ಲಿ. ಮತ್ತೆ ಅದೇ ಮೋಹನ್ ಬಾಗಾನ್! ಎದುರಿಗೆ ಬೆಂಗಳೂರು ಎಫ್‌ಸಿ. 90 ನಿಮಿಷ ಗೋಲೇ ಇಲ್ಲ. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದರು ನೋಡಿ, ಎರಡು. ಬಾಗಿಲು ತೆಗೆದದ್ದೂ ನಮ್ಮೂರು, ಚಿಲಕ ಹಾಕಿದ್ದೂ ನಮ್ಮೂರು. ಮರುವರ್ಷ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಅದನ್ನ ಮೊದಲು ಗೆದ್ದವರು..."

"ಬೆಂಗಳೂರು!"

"ಈಸ್ಟ್ ಬೆಂಗಾಲ್ ಮೇಲೆ, 4-1. ಆದರೂ ಊರಿನ ಬಾಯಲ್ಲಿ ಕಪ್ ಅಂದ್ರೆ ಕ್ರಿಕೆಟ್ಟಿಂದು ಮಾತ್ರ."

"ಸ್ವಾಮಿ, ಕೊಡ್ತೀರೋ ಇಲ್ವೋ?" ಎಂದ ಸಾಮಾನಿನವನು. ತಕ್ಕಡಿಯಿಂದ ಫೋನ್ ಎತ್ತಿಕೊಂಡೆ. ಅವನು ಹಳೇ ಪೇಪರಷ್ಟನ್ನೇ ತೂಗಿಕೊಂಡು, ರಾಯರನ್ನು ದುರುಗುಟ್ಟಿ ನೋಡಿ ಹೋದ.

ಫೋನೀಗ ಟಿವಿ ಪಕ್ಕದಲ್ಲಿ ಕೂತಿದೆ. ರಾತ್ರಿ ಯಾರೂ ಇಲ್ಲದಾಗ ಡಯಲ್‌ಗೆ ಬೆರಳಿಟ್ಟೆ. ಒಂದು ಟಕ್ಕನೆ ಬಂತು. ಸೊನ್ನೆ ಮಾತ್ರ, ಕೊನೆಯ ಸೀಟಿಯವರೆಗೂ ಗೋಲು ಕಾಯುವವನಂತೆ, ಕರ್ರೆಂದು ಪೂರ್ತಿ ಸುತ್ತು ಹಾಕಿ ನಿಂತಿತು.