ಮೂರು ಸಪ್ಪೆ ಊರುಗಳಿಗೆ ಬಿನ್ನವತ್ತಳೆ

ಈಗ ಯಾವ ಊರಿಗೂ ಸುಮ್ಮನೆ ಊರಾಗಿರುವ ತಾಳ್ಮೆ ಇಲ್ಲ. ನಾಲ್ಕು ಬಂಡೆ ಇದ್ದರೆ ಸಾಹಸ ತಾಣ, ಮಳೆಗಾಲದಲ್ಲಿ ಹದಿನೈದು ದಿನ ನೀರು ಬಿದ್ದರೆ ಭೂಲೋಕದ ಸ್ವರ್ಗ. ಇಂಥ ಕಾಲದಲ್ಲಿ ತಮ್ಮ ಸಪ್ಪೆತನವನ್ನೇ ಬೋರ್ಡಿಗೆ ಬರೆಸಿ ಮೆರೆಯುವ ಮೂರು ಊರುಗಳಿವೆ. ಅವಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬಿನ್ನವತ್ತಳೆ ಓದುವುದು ನ್ಯಾಯ. ಶಾಲು ಕಳಿಸಲು ದೂರವಾಗುತ್ತದೆ. ಬಿನ್ನವತ್ತಳೆಯನ್ನು ಇಲ್ಲಿಂದಲೇ ಓದುತ್ತೇನೆ.

ಒಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಡಲ್. ಇನ್ನೊಂದು, ಅಮೆರಿಕದ ಆರೆಗನ್ ರಾಜ್ಯದ ಬೋರಿಂಗ್. ಮತ್ತೊಂದು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಬ್ಲ್ಯಾಂಡ್. ಇದು ಒಂದೇ ಊರಲ್ಲ, ನಮ್ಮ ತಾಲ್ಲೂಕಿನಂಥದ್ದು. ಮೂರು ಹೆಸರಿಗೂ ಅರ್ಥ ಬಿಡಿಸಿ ಹೇಳುವ ಅಗತ್ಯವಿಲ್ಲ. ಭಾನುವಾರ ಮಧ್ಯಾಹ್ನ ಮನೆಯಲ್ಲಿರುವ ಯಾವ ಮಗುವನ್ನು ಕೇಳಿದರೂ ನಡುವಿನ ಪದವನ್ನಾದರೂ ರಾಗ ಎಳೆದು ಹೇಳುತ್ತದೆ.

ಡಲ್ಲಿಗೂ ಬೋರಿಂಗಿಗೂ ಸಂಬಂಧ ಕುದುರಿದ್ದು 2012ರಲ್ಲಿ. ಡಲ್ ಸೀಮೆಯ ಮಹಿಳೆಯೊಬ್ಬರು ಸೈಕಲ್ ಪ್ರವಾಸದಲ್ಲಿ ಬೋರಿಂಗ್ ಹಾದುಹೋದಾಗ ಹೊಳೆದ ವಿಚಾರವಂತೆ. ಆದರೆ ಪದ್ಧತಿಯ ಪ್ರಕಾರ ‘ಅವಳಿ ಊರು’ ಎನ್ನಲು ಬರಲಿಲ್ಲ. ಡಲ್‌ನಲ್ಲಿ ನೂರು ಜನವೂ ಇಲ್ಲ, ಬೋರಿಂಗ್‌ನಲ್ಲಿ ಸಾವಿರಗಟ್ಟಲೆ ಇದ್ದಾರೆ. ಕೊನೆಗೆ ‘ಜೋಡಿ ಊರು’ ಎಂದು ತೀರ್ಮಾನವಾಯಿತು. ನನ್ನ ಗೌರವ ಇಮ್ಮಡಿಯಾದದ್ದು ಇಲ್ಲೇ. ತಮಾಷೆಯ ಮದುವೆಗೂ ಜನಸಂಖ್ಯೆ ತಾಳೆ ಹಾಕಿ, ‘ಅವಳಿ ಸಾಧ್ಯವಿಲ್ಲ, ಜೋಡಿ ಆಗಬಹುದು’ ಎಂದು ಷರಾ ಬರೆಸಿಕೊಳ್ಳುವುದು ಸಾಮಾನ್ಯ ನೀರಸತೆಯಲ್ಲ, ಬಹಳ ತಪಸ್ಸು ಬೇಕು. 2013ರಲ್ಲಿ ಆರೆಗನ್ನಿನ ಶಾಸನಸಭೆ ಮಸೂದೆಯನ್ನೇ ತಂದು ಆಗಸ್ಟ್ 9ನ್ನು ‘ಬೋರಿಂಗ್ ಮತ್ತು ಡಲ್ ದಿನ’ ಎಂದು ಸಾರಿತು. ಶಾಸನಸಭೆಗಳು ಉಳಿದ ದಿನಗಳನ್ನೂ ಹಾಗೆಯೇ ಆಚರಿಸುವ ವಾಡಿಕೆ ಎಲ್ಲ ದೇಶಗಳಲ್ಲೂ ಇದೆ. ಅದಕ್ಕೆ ಕಾನೂನಿನ ಬಲ ಕೊಟ್ಟದ್ದು ಮಾತ್ರ ಆರೆಗನ್ನಿನ ಹೆಚ್ಚುಗಾರಿಕೆ. ಆಮೇಲೆ ಬ್ಲ್ಯಾಂಡ್ ಕೂಡ ಬಂದು ಕೂಡಿಕೊಂಡು ಸಂಸಾರ ಮೂರಾಯಿತು.

ಸನ್ಮಾನ ಮಾಡುವವರು ಸನ್ಮಾನಿತರ ಹಿನ್ನೆಲೆ ವಿಚಾರಿಸಬಾರದು. ಸಮಿತಿಗಳು ಇದನ್ನು ಎಷ್ಟೋ ಕಾಲದಿಂದ ಪಾಲಿಸಿಕೊಂಡು ಬಂದಿವೆ. ಆದರೆ ಬಿನ್ನವತ್ತಳೆಗೆ ನಾಲ್ಕು ಸಾಲು ಬೇಕಲ್ಲ ಎಂದು ಕಡತ ಬಿಚ್ಚಿದರೆ, ಮನಸ್ಸಿಗೆ ನೋವಾಗುವ ಸಂಗತಿಗಳೇ ಸಿಕ್ಕುತ್ತವೆ.

ಬೋರಿಂಗ್ ಎಂಬುದು ವಿಲಿಯಂ ಹ್ಯಾರಿಸನ್ ಬೋರಿಂಗ್ ಎಂಬ ರೈತನ ಹೆಸರು. ಅಂತರ್ಯುದ್ಧದಲ್ಲಿ ಉತ್ತರದ ಪಡೆಯ ಸಿಪಾಯಿಯಾಗಿದ್ದವನು 1870ರ ದಶಕದಲ್ಲಿ ಇಲ್ಲಿಗೆ ಬಂದು ಬೇಸಾಯಕ್ಕೆ ನಿಂತ. ಇಲ್ಲಿಯವರೆಗೆ ಆಕ್ಷೇಪವಿಲ್ಲ. ಆದರೆ ಆ ಸೀಮೆಯ ನೆಲದಡಿ ಏನಿದೆ? ಭೂವಿಜ್ಞಾನಿಗಳು ‘ಬೋರಿಂಗ್ ಲಾವಾ ಕ್ಷೇತ್ರ’ ಎಂದು ಊರಿನ ಹೆಸರಲ್ಲೇ ಕರೆಯುವ 80ಕ್ಕೂ ಹೆಚ್ಚು ಜ್ವಾಲಾಮುಖಿ ಬಾಯಿಗಳು ಆ ಪ್ರಾಂತ್ಯದಲ್ಲಿ ಹರಡಿಕೊಂಡಿವೆ. ಕೊನೆಯದು ಬೆಂಕಿ ಕಾರಿ ಸುಮಾರು 57,000 ವರ್ಷಗಳಾದವು. ಅಲ್ಲಿಂದೀಚೆಗೆ ನಡತೆ ಚೆನ್ನಾಗಿದೆ, ನಿಜ. ಆದರೂ ಬೇಜಾರಿನ ಊರೆಂದು ಹೇಳಿಕೊಳ್ಳುವವರಿಗೆ ಇಂಥ ಪೂರ್ವಾಶ್ರಮ ಶೋಭಿಸುವುದಿಲ್ಲ. ಸಾಲದೆಂಬಂತೆ, ಇದುವರೆಗೆ ಯಾರ ಕೈಗೂ ಸಿಗದ ಬಿಗ್‌ಫುಟ್ ಎಂಬ ರೋಮದ ದೈತ್ಯನಿಗೆಂದೇ ಒಂದು ಸಂಗ್ರಹಾಲಯವನ್ನೂ ಅಲ್ಲಿ ತೆರೆದಿದ್ದಾರೆ.

ಡಲ್ ಹಳ್ಳಿ ಸಾಚಾ ಇರಬಹುದೆಂದುಕೊಂಡರೆ ಅಲ್ಲೊಂದು ಐತಿಹ್ಯ. ಸಂತ ಅಡಮ್‌ನಾನ್ ತೀರಿಕೊಂಡಾಗ ಶಿಷ್ಯರು ಶವವನ್ನು ಹೊತ್ತು ಹೊರಟರಂತೆ. ಕಟ್ಟಿದ್ದ ಕುಣಿಕೆ ಹರಿದುಬಿದ್ದ ಜಾಗದಲ್ಲೇ ಮಣ್ಣು ಮಾಡಿದರಂತೆ. ಕುಣಿಕೆಗೆ ಅವರ ಗೇಲಿಕ್ ಭಾಷೆಯಲ್ಲಿರುವ ಪದವೇ ಊರಿನ ಹೆಸರಾಯಿತಂತೆ. ಪವಾಡಪುರುಷರನ್ನು ಒಳಗೆ ಬಿಟ್ಟುಕೊಂಡ ಊರು ಸಪ್ಪೆಯಾಗಿ ಉಳಿಯುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ವಂಚನೆ ಬ್ಲ್ಯಾಂಡಿನದು. ಆ ಹೆಸರಿನ ಮೂಲಪುರುಷ ವಿಲಿಯಂ ಬ್ಲ್ಯಾಂಡ್ ಬ್ರಿಟಿಷ್ ನೌಕಾಪಡೆಯ ವೈದ್ಯ. 1813ರಲ್ಲಿ, ನಮ್ಮ ಬೊಂಬಾಯಿಯಲ್ಲೇ, ತನ್ನದೇ ಹಡಗಿನ ಲೆಕ್ಕಪತ್ರದ ಅಧಿಕಾರಿಯೊಡನೆ ಮಾತಿಗೆ ಮಾತು ಬೆಳೆದು, ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕಿಳಿದು ಅವನನ್ನು ಕೊಂದ. 7 ವರ್ಷದ ಗಡೀಪಾರು ವಿಧಿಸಿ ಸಿಡ್ನಿಗೆ ಅಟ್ಟಿದರು. ತಲುಪಿದ ಮರುವರ್ಷವೇ ಕ್ಷಮೆ ಸಿಕ್ಕಿತು, ಸುಮ್ಮನಿರಬಹುದಿತ್ತು. ಇಲ್ಲ, 1818ರಲ್ಲಿ ಗವರ್ನರ್ ಮೆಕ್ವಾರಿಯನ್ನು ಗೇಲಿ ಮಾಡಿ ಬರೆದು ಮತ್ತೊಂದು ವರ್ಷ ಜೈಲಿಗೆ ಹೋದ. (ವಿಡಂಬನೆ ಬರೆಯುವವರು ಈ ವಾಕ್ಯವನ್ನು ಬೇಗ ದಾಟುವುದು ಕ್ಷೇಮ.) ಹೊರಬಂದು ವೈದ್ಯನಾಗಿ ಹೆಸರು ಮಾಡಿ, ರಾಜಕೀಯಕ್ಕಿಳಿದು, ಶಾಸನ ಪರಿಷತ್ತನ್ನೂ ಹೊಕ್ಕ. 1851ರಲ್ಲಿ, ಅರವತ್ತು ದಾಟಿದ ಮೇಲೆ, ಉಗಿಯಂತ್ರದಿಂದ ಆಕಾಶದಲ್ಲಿ ಓಡುವ ಹಡಗಿನ ನಕ್ಷೆ ಬರೆದ! ಕೊಲೆ, ಗಡೀಪಾರು, ಕುಚೋದ್ಯ, ವಿಮಾನ: ಇಷ್ಟನ್ನೂ ಒಂದೇ ಜನ್ಮದಲ್ಲಿ ಮುಗಿಸಿದವನ ಹೆಸರು ಹೊತ್ತ ಸೀಮೆ ‘ನಾವು ಸಪ್ಪೆ’ ಎಂದು ಊರೂರಿಗೆ ಹೇಳಿಕೊಂಡು ತಿರುಗುತ್ತಿದೆ. 1893ರಲ್ಲಿ ಅಲ್ಲಿ ಚಿನ್ನ ಸಿಕ್ಕಿ ಜನ ಗುದ್ದಲಿ ಹಿಡಿದು ನುಗ್ಗಿದ್ದನ್ನಂತೂ ನಾನು ಎತ್ತುವುದೇ ಇಲ್ಲ.

ಚಿನ್ನ ಎಂದ ಕೂಡಲೇ ನಮ್ಮ ನಷ್ಟ ನೆನಪಾಗುತ್ತದೆ. ಕೋಲಾರದ ಚಿನ್ನದ ಗಣಿಗೆ ಕವಲು ರೈಲು ಹೊರಡುವ ಜಂಕ್ಷನ್ನಿಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬನ ನೆನಪಿಗೆ. ಅದನ್ನು ಬಂಗಾರಪೇಟೆ ಮಾಡಿಕೊಂಡು ಥಳಥಳ ಹೊಳೆಯತೊಡಗಿದೆವು. ಉಚ್ಚಾರಣೆಯಲ್ಲಿ ತುಸು ಉದಾರಿಗಳಾಗಿ, ಹಳೆಯ ಬೋರ್ಡನ್ನು ಹಾಗೇ ಬಿಟ್ಟಿದ್ದರೆ ಆ ಕೂಟದಲ್ಲಿ ನಮ್ಮದೂ ಒಂದು ಕುರ್ಚಿ ಇರುತ್ತಿತ್ತು. ಅಧ್ಯಯನ ಪ್ರವಾಸದ ನೆಪದಲ್ಲಿ ಎಷ್ಟು ಜನ ಸ್ಕಾಟ್ಲೆಂಡ್ ನೋಡಿಬರಬಹುದಿತ್ತು!

ಹೋಗಲಿ. ಈಗಿನ ಮೂವರು ಸದಸ್ಯರು ಬರೀ ಹೆಸರಿನ ಬಲದಿಂದ ಒಳಬಂದವರೆಂಬುದು ಕಡತದಿಂದ ಸ್ಪಷ್ಟ. ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಪ್ರವಾಸಿಗರು ಗಾಡಿ ನಿಲ್ಲಿಸತೊಡಗಿದ ಮೇಲಂತೂ ಉಳಿದಿದ್ದ ಅಲ್ಪಸ್ವಲ್ಪ ಬೇಜಾರೂ ಹಾಳಾಯಿತು. ನಿಜವಾಗಿ ಏನೂ ನಡೆಯದ, ಏನೂ ಸಿಗದ, ಹೆಸರಿನಲ್ಲೂ ನಗು ಬರಿಸದ ಊರುಗಳು ಅರ್ಜಿ ಹಾಕುವುದು ಹೇಗೆಂದು ತಿಳಿಯದೆ ಕೂತಿವೆ. ಆದ್ದರಿಂದ ಕೂಟಕ್ಕೆ ಒಬ್ಬ ಪರಿವೀಕ್ಷಕರು ಬೇಕು. ಊರೂರಿಗೆ ಹೋಗಿ, ಬಸ್ ನಿಲ್ದಾಣದಲ್ಲಿ ಒಂದು ದಿನ ಕೂತು, ಆಕಳಿಕೆ ಎಣಿಸಿ ವರದಿ ಕೊಡಬೇಕು. ಹುದ್ದೆಗೆ ಈ ಮೂಲಕ ನಾನೇ ಅರ್ಜಿ ಹಾಕುತ್ತಿದ್ದೇನೆ. ಅರ್ಹತೆ: ಸ್ವಾಗತದಿಂದ ಹಿಡಿದು ವಂದನಾರ್ಪಣೆಯಲ್ಲಿ ಧ್ವನಿವರ್ಧಕದವರ ಹೆಸರು ಬರುವವರೆಗೂ ಸಭೆಗಳಲ್ಲಿ ಎದ್ದು ಹೋಗದೆ ಕೂತ ದೀರ್ಘ ಅನುಭವ. ಅನುಭವದ ಪ್ರಮಾಣಪತ್ರ ಕೊಡಬೇಕಾದ ಸಂಘಟಕರು ಆ ಹೊತ್ತಿಗೆ ಊಟಕ್ಕೆ ಎದ್ದು ಹೋಗಿರುತ್ತಿದ್ದರಾದ್ದರಿಂದ ಅದನ್ನು ಲಗತ್ತಿಸಲಾಗಿಲ್ಲ.